ಒಂದೇ ತೊಟ್ಟಿ

"ಅಕ್ಕಾ, ಇದರ ಮುಂಗಾಲು ಎಲ್ಲಿ?"

ತಂಗಿ ಗಾಜಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ದನಿ ಏರಿರಲಿಲ್ಲ, ಬಾಚಣಿಗೆ ಎಲ್ಲಿ ಎಂದು ಕೇಳುವ ಹಾಗೇ ಕೇಳಿದಳು. ಅಕ್ಕ ಮಂಜುಗಟ್ಟಿದ ನೀರಿನ ಬಾಟಲಿಯನ್ನು ಸೆರಗಿನಲ್ಲಿ ಹಿಡಿದುಕೊಂಡೇ ಬಗ್ಗಿ ನೋಡಿದಳು. ತೊಟ್ಟಿಯ ನೀರು ಕಾಯಬಾರದೆಂದು ದಿನಕ್ಕೆರಡು ಸಲ ಅಂಥದೊಂದು ಬಾಟಲಿ ತೇಲಿಬಿಡುವುದು ಅವಳ ಪದ್ಧತಿ. ಒಳಗೆ ಎರಡು ಆಕ್ಸಲಾಟಲ್‌ಗಳಿದ್ದವು. ಮೀನೂ ಅಲ್ಲ, ಹಲ್ಲಿಯೂ ಅಲ್ಲ. ಕತ್ತಿನ ಎರಡೂ ಪಕ್ಕ ಕೆಂಪು ಕುಚ್ಚಿನಂಥ ಕಿವಿರು, ರೆಪ್ಪೆಯಿಲ್ಲದ ಕಣ್ಣು. ಗೇಣುದ್ದದ್ದು ಅಕ್ಕನದು, ಬೆರಳುದ್ದದ್ದು ತಂಗಿಯದು. ಸಣ್ಣದರ ಎಡ ಮುಂಗಾಲು ಇದ್ದ ಜಾಗದಲ್ಲಿ ಬಿಳಿ ನೂಲಿನ ಎಳೆಯಂಥದ್ದೇನೋ ಅಲ್ಲಾಡುತ್ತಿತ್ತು.

"ಕಲ್ಲಿಗೆ ಸಿಕ್ಕಿಹಾಕ್ಕೊಂಡಿರಬೇಕು ಕಣೇ."

"ತೊಟ್ಟೀಲಿ ಕಲ್ಲೇ ಇಲ್ಲವಲ್ಲ."

ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತು ವರ್ಷ ಸವೆಸಿದವಳು. ಮಕ್ಕಳ ವಾರ್ಡಿಗೆ ಬಣ್ಣ ಹೊಡೆಯುವಾಗ ಅಲ್ಲಿದ್ದ ಈ ತೊಟ್ಟಿ, ಒಳಗಿನ ದೊಡ್ಡದರ ಸಮೇತ, ಯಾರಿಗೂ ಬೇಡವಾಯಿತು. ಅಕ್ಕ ಮನೆಗೆ ತಂದಳು. ಇಡೀ ದಿನ ಕೂತಲ್ಲೇ ಕೂತು ಎಲ್ಲರನ್ನೂ ದುರುಗುಟ್ಟುವ ಆ ಪ್ರಾಣಿಗೆ ಸಾಹೇಬ ಎಂದು ಹೆಸರಿಟ್ಟಳು. ತಂಗಿಯದರ ಕಥೆ ಬೇರೆ. ಹೊಟ್ಟೆಯಲ್ಲಿದ್ದ ಏಳು ತಿಂಗಳ ಮಗು ಹೋದ ಮೇಲೆ, ಮನೆಯಲ್ಲಿ ಮಿಸುಕಾಡುವುದು ಏನಾದರೊಂದಿರಲಿ ಎಂದು ಅವಳು ತಂದುಕೊಂಡದ್ದು ಅದು. ಗಂಡನ ಜೊತೆ ಮಾತು ಪೂರಾ ನಿಂತುಹೋದ ದಿನ, ಒಂದು ಬಟ್ಟೆಯ ಚೀಲ, ಮುಚ್ಚಳದ ಬಕೆಟ್ಟಿನಲ್ಲಿ ಅದನ್ನೂ ಹಿಡಿದುಕೊಂಡು ಅಕ್ಕನ ಬಾಗಿಲಿಗೆ ಬಂದಿದ್ದಳು. ಅವಳು ಬಂದು ಈಗ ಹದಿನೆಂಟು ದಿನ.

"ಬಕೆಟ್ಟಲ್ಲೇ ಇರಲಿ ಬಿಡು" ಎಂದಿದ್ದಳು ತಂಗಿ.

"ಒಂಟಿ ಕೂತು ಏನು ಮಾಡುತ್ತೆ ಅದು? ಅಮ್ಮ ನಮ್ಮಿಬ್ಬರಿಗೂ ಒಂದೇ ತಟ್ಟೇಲಿ ಕಲಸಿ ಕೊಡ್ತಿರಲಿಲ್ವಾ? ಅದಕ್ಕೇ ಅಲ್ವಾ ನಾವು ಇನ್ನೂ ಹೀಗಿರೋದು?" ಎಂದು ಅಕ್ಕ ತಾನೇ ಬಕೆಟ್ಟು ಬಗ್ಗಿಸಿದ್ದಳು. ಅಂದಿನಿಂದ ಎರೆಹುಳಗಳನ್ನೂ ಒಂದೇ ಮೂಲೆಯಲ್ಲಿ ಗುಡ್ಡೆ ಹಾಕುತ್ತಿದ್ದಳು, ಹಂಚಿಕೊಂಡು ತಿನ್ನಲಿ ಎಂದು.

ಈಗ ತಂಗಿ ಸಾಕುಮೀನಿನ ಅಂಗಡಿಯವನಿಗೆ ಫೋನು ಹಚ್ಚಿ, ನಡೆದದ್ದನ್ನು ಹೇಳಿ, ಇಬ್ಬರಿಗೂ ಕೇಳಿಸುವಂತೆ ಹಿಡಿದಳು. ಅವನು ಬೈಯುವ ದನಿಯಲ್ಲೇ ಶುರುಮಾಡಿದ. "ಗೇಣುದ್ದದ್ದರ ಜೊತೆ ಬೆರಳುದ್ದದ್ದು ಬಿಟ್ರಾ? ಒಳ್ಳೇ ಮನೆ ಮಾಡಿಕೊಟ್ರಿ. ಜೊತೆಗಿಡೋದಾದ್ರೆ ಎರಡೂ ಒಂದಳತೆ ಇರಬೇಕಮ್ಮ, ಜಾಗ ಜಾಸ್ತಿ ಬೇಕು, ಊಟ ಬೇರೆ ಬೇರೆ ಮೂಲೇಲಿ ಹಾಕಬೇಕು. ದೊಡ್ಡದು ಸಿಟ್ಟಿಗೆ ಕಚ್ಚೋದಲ್ಲ. ಕಣ್ಣು ಮಂದ ಅದಕ್ಕೆ. ಬಾಯಿ ಹತ್ತಿರ ಅಲ್ಲಾಡಿದ್ದೆಲ್ಲ ಹುಳಾನೇ."

"ಸಾಯುತ್ತಾ?" ತಂಗಿ ಕೇಳಿದಳು.

"ಇಲ್ಲ, ಕಾಲು ಮತ್ತೆ ಬರುತ್ತೆ. ಬೇರೆ ಇಡಿ, ನೀರು ತಣ್ಣಗೆ, ಚೊಕ್ಕಟವಾಗಿರಲಿ."

ಅಕ್ಕನಿಗೆ ಹೋದ ಜೀವ ಬಂದಂತಾಯಿತು. "ಕೇಳಿದ್ಯಾ, ಬರುತ್ತಂತೆ."

"ಬೇರೆ ಇಟ್ರೆ" ಎಂದಳು ತಂಗಿ.

ಬಟ್ಟಲಲ್ಲಿ ಸಣ್ಣದನ್ನು ನೀರಿನ ಸಮೇತ ಎತ್ತಿ ಬಕೆಟ್ಟಿಗೆ ಬಿಟ್ಟಳು. ಅದು ಮೂರು ಕಾಲಿನ ಮೇಲೆ ತಳಕ್ಕಿಳಿದು, ಒಂದು ಕಡೆ ವಾಲಿ, ಮತ್ತೆ ನೆಟ್ಟಗಾಯಿತು. ಅದನ್ನೇ ನೋಡುತ್ತ ತಂಗಿ ಕೇಳಿದಳು, "ಹೆರಿಗೆ ವಾರ್ಡಿನ ಗಂಟು ನನ್ನ ಕೈಗೆ ಯಾಕೆ ಕೊಡಲ್ಲ ಅವರು?"

ಹತ್ತು ದಿನದ ಹಿಂದೆ ಅಕ್ಕನೇ ಮೇಲಿನವರ ಕೈಕಾಲು ಹಿಡಿದು ತಂಗಿಯನ್ನೂ ತನ್ನ ವಿಭಾಗದಲ್ಲೇ ಕೆಲಸಕ್ಕೆ ಸೇರಿಸಿದ್ದಳು. ಹೆರಿಗೆ ವಾರ್ಡಿನಿಂದ ಬರುವ ಗಂಟಿನಲ್ಲಿ ಅಂಗೈಯಗಲದ ಅಂಗಿ, ಸಣ್ಣ ಸಣ್ಣ ಹೊದಿಕೆ ಇರುತ್ತಿದ್ದವು.

"ನಾನೇ ಹೇಳಿದ್ದೆ. ನಿನಗೆ ಸಂಕಟ ಆಗಬಾರದು ಅಂತ."

"ಏನಂತ ಹೇಳಿದೆ?"

"ಇದ್ದದ್ದನ್ನ ಹೇಳಿದೆ. ನಾಲ್ಕು ಜನಕ್ಕೆ ತಿಳಿದಿದ್ರೆ ಮೆತ್ತಗೆ ನಡಕೊಳ್ತಾರೆ ಅಂತ."

"ಮೆತ್ತಗೇ ನಡಕೊಂಡ್ರು. ಮೊನ್ನೆ ಗಂಜಿ ನನ್ನ ತಲೆ ಸವರಿದಳು." ಗಂಜಿ ಎಂದರೆ ಇಸ್ತ್ರಿ ಮೇಜಿನ ಹೆಂಗಸು, ಗಂಜಿ ಹಾಕಿದ ಬಟ್ಟೆಯಂತೆ ಸೆಟೆದ ಬೆನ್ನಿಗೆ ಬಿದ್ದ ಹೆಸರು. "ಸವರಿ ಅವಳ ಹೆಸರು ಹೇಳಿದಳು, ಅಕ್ಕಾ. ನನ್ನ ಮಗು ಹೆಸರು. ಹೆಸರಿಟ್ಟಿದ್ದೆ ಅನ್ನೋದನ್ನ ಅವಳಪ್ಪನಿಗೂ ಹೇಳಿರಲಿಲ್ಲ ನಾನು. ನಿನಗೊಬ್ಬಳಿಗೇ ಹೇಳಿದ್ದು."

ಅಕ್ಕನ ಕೈಯಲ್ಲಿನ ಬಾಟಲಿ ಬೆವೆತು ಸೆರಗು ಒದ್ದೆಯಾಗಿತ್ತು. ಹೇಳಿದ್ದು ಯಾವಾಗ ಎಂದು ನೆನೆಯಲು ನೋಡಿದಳು. ಊಟದ ಬಿಡುವಿನಲ್ಲಿ ಇರಬೇಕು. ಎಲ್ಲರೂ ಅಯ್ಯೋ ಎಂದಿದ್ದರು. ಅವಳಿಗೂ ಕಣ್ಣು ತುಂಬಿತ್ತು. ಮಾತಿಗೆ ಮಾತು ಸೇರಿ ಹೆಸರೂ ಬಾಯಿಗೆ ಬಂದಿತ್ತು.

"ನಾಳೆಯೇ ಇನ್ನೊಂದು ತೊಟ್ಟಿ ತರ್ತೀನಿ ಕಣೇ. ನಿನ್ನ ಕೋಣೇಲೇ ಇಟ್ಕೊ."

"ನೀನು ಕೆಟ್ಟದಕ್ಕೆ ಹೇಳಿಲ್ಲ ಅಂತ ಗೊತ್ತು" ಎಂದಳು ತಂಗಿ. "ಸಿಟ್ಟು ಮಾಡ್ಕೊಳ್ಳೋಕೂ ಆಗ್ತಿಲ್ಲ ನನಗೆ. ಅದಕ್ಕೇ ಇಲ್ಲಿರೋಕಾಗಲ್ಲ."

ಮೂರನೆಯ ದಿನ ಹೊರಟಳು. ಹಳೆಯ ಗೆಳತಿಯೊಬ್ಬಳ ಮಹಡಿಯ ಮೇಲೆ ಕೋಣೆ ಸಿಕ್ಕಿತ್ತು. ಅಕ್ಕ ಒಂದು ಮಂಜಿನ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಬಕೆಟ್ಟಿಗೆ ಆನಿಸಿ ಕಟ್ಟಿಕೊಟ್ಟಳು. ಬಾಯಿಗೆ ಬಂದದ್ದು ನೂರಿತ್ತು. "ದಾರೀಲಿ ಬಿಸಿಲಿಗಿಡಬೇಡ" ಎಂದಷ್ಟೇ ಹೇಳಿದಳು. ತಂಗಿ ಹೂಂ ಎಂದಳು. ಬಕೆಟ್ಟನ್ನು ಎರಡೂ ಕೈಯಲ್ಲಿ ಬಳಸಿ ಹಿಡಿದು, ತುಳುಕದ ಹಾಗೆ ಒಂದೊಂದೇ ಮೆಟ್ಟಿಲಿಳಿದಳು.

ಮರುದಿನ ಬೆಳಿಗ್ಗೆ ಗಂಜಿ ಇಸ್ತ್ರಿ ಮೇಜಿನಿಂದಲೇ ಕೇಳಿದಳು. "ಎಲ್ಲೇ ನಿನ್ನ ತಂಗಿ? ಮತ್ತೆ ಮನಸ್ಸು ಸರಿಯಿಲ್ವಾ? ಏನಾಯ್ತು ಹೇಳು."

ಉಳಿದ ಹೆಂಗಸರ ಕೈಗಳೂ ನಿಂತವು.

"ಏನಿಲ್ಲ" ಎಂದಳು ಅಕ್ಕ.

ಒಣಗಿಸುವ ಯಂತ್ರದಿಂದ ಆಗತಾನೆ ಬಂದ ದೊಡ್ಡ ಹಾಸುಬಟ್ಟೆಯೊಂದನ್ನು ಎತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಇಬ್ಬರು ಹಿಡಿದು ಮಡಚುವ ಬಟ್ಟೆ ಅದು. ಎರಡು ಮೂಲೆ ಹಿಡಿದು ಒಮ್ಮೆ ಕೊಡವಿದಳು. ಬಟ್ಟೆ ಗಾಳಿ ತುಂಬಿ ಬಿಳಿಯಾಗಿ ಮೇಲೆದ್ದು ಕ್ಷಣ ಹೊತ್ತು ನಿಂತಿತು. ಆಮೇಲೆ ಆಚೆಯಂಚು ನಿಧಾನಕ್ಕೆ ನೆಲಕ್ಕಿಳಿಯಿತು.