ಜಮೀನಿನ ಹಳೆಯ ಬೆಲೆ

"ಸ್ವಲ್ಪ ಜರುಗಿ, ನಾನು ಹಿಡೀತೀನಿ," ಎನ್ನುತ್ತ ಜಗನ್ನಾಥ ಚಟ್ಟದ ಮುಂದಿನ ಬಿದಿರಿಗೆ ಹೆಗಲು ಕೊಡಲು ನುಗ್ಗಿದ. ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನ ಮೆಟ್ಟಿಲು ಇಕ್ಕಟ್ಟಿನದು. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಅಲ್ಲಿ ಆಗಲೇ ನಾಲ್ವರು ಗೋಪಿನಾಥನನ್ನು ಹೊತ್ತು ಹುಷಾರಾಗಿ ಇಳಿಯುತ್ತಿದ್ದರು. ನಾಲ್ವರಲ್ಲಿ ಒಬ್ಬನ ಪರಿಚಯವೂ ಜಗನ್ನಾಥನಿಗಿಲ್ಲ. ಚಪ್ಪಲಿಗೆ ಪೇಂಟು ಮೆತ್ತಿಕೊಂಡಿದ್ದ ಒಬ್ಬ, "ರೆಹನೇ ದೋ ಅಂಕಲ್‌ಜೀ, ಹಮ್ ಹೈಂ ನಾ," ಬಿಡಿ, ನಾವಿದ್ದೇವಲ್ಲ ಎಂದು ಮೊಣಕೈಯಲ್ಲೇ ಅವನನ್ನು ಪಕ್ಕಕ್ಕೆ ಸರಿಸಿದ.

ಅಂಕಲ್‌ಜೀ! ಮುನಿರ್ಕಾದ ಬಾಡಿಗೆ ಕೋಣೆಯಲ್ಲಿ ಆರು ವರ್ಷ ಗೋಪಿಯ ಜೊತೆ ಒಂದೇ ಸ್ಟವ್ವಿನಲ್ಲಿ ಅನ್ನ ಬೇಯಿಸಿಕೊಂಡು ತಿಂದವನು ತಾನು. ಈ ಪೇಂಟರು ಯಾರು? ದುಃಖ ಇರಲಿಲ್ಲವೆಂದಲ್ಲ. ಬೆಳಿಗ್ಗೆ ಫೋನ್ ಬಂದಾಗ ಜಗನ್ನಾಥ ನಿಜವಾಗಿಯೂ ಅತ್ತಿದ್ದ. ಆದರೆ ಕೆಳಗೆ ನೆರೆದ ಜನರನ್ನು ಕಂಡ ಮೇಲೆ ದುಃಖ ಹಿಂದೆ ಸರಿದು ಹೊಟ್ಟೆಕಿಚ್ಚು ಮುಂದೆ ಬಂದು ನಿಂತಿತ್ತು. ಎರಡು ಟೆಂಪೊ ತುಂಬ ಬಂದಿದ್ದರು: ಡ್ರೈವರುಗಳು, ಇಸ್ತ್ರಿಯವರು, ಮನೆಗೆಲಸದ ಹೆಂಗಸರು. ತಾನು ಸತ್ತರೆ ವಸಂತ್ ಕುಂಜಿನ ತನ್ನ ಫ್ಲ್ಯಾಟಿನ ಮುಂದೆ ಕಾರುಗಳು ಸಾಲಾಗಿ ನಿಲ್ಲುತ್ತವೆ, ಅದು ಖಂಡಿತ. ಅಳುವವರು? ಹೆಂಡತಿ ಅತ್ತಾಳು. ಮಗಳ ವಿಷಯ ಅನುಮಾನ.

ಬಾಗಿಲಲ್ಲಿ ನಿಂತಿದ್ದ ಗೋಪಿನಾಥನ ಹೆಂಡತಿ ಕುಸುಮ ಕಣ್ಣೊರೆಸಿಕೊಂಡಳು. "ನೋಡಿ ಜಗಣ್ಣ, ಎಷ್ಟು ಜನ. ಸ್ವಂತಕ್ಕೊಂದು ಮನೆ ಮಾಡ್ಲಿಲ್ಲ ಈ ಮನುಷ್ಯ, ಇನ್ನು ಈ ಕ್ವಾರ್ಟರ್ಸೂ ಬಿಡ್ಬೇಕು. ಆದ್ರೆ ಇವರೆಲ್ಲ ಅವ್ರನ್ನ ತಮ್ಮನೆಯವ್ರು ಅಂತಾರೆ."

"ಹೌದಮ್ಮ," ಎಂದ ಜಗನ್ನಾಥ. ಹೊಟ್ಟೆಕಿಚ್ಚು ಕಾಣಬಾರದೆಂದು ಮುಖ ಆಚೆ ತಿರುಗಿಸಿದ. ಕುಸುಮ ಅದನ್ನು ಅಳುವೆಂದುಕೊಂಡಳು.

ಚಿತಾಗಾರಕ್ಕೆ ಹೋಗುವಾಗ ಕಾರು ಓಡಿಸುತ್ತಿದ್ದ ಕಿಶನ್, ಜಗನ್ನಾಥನ ಕೈಕೆಳಗೆ ಕೆಲಸ ಮಾಡುವ ಹುಬ್ಬಳ್ಳಿಯ ತರುಣ, ಉತ್ಸಾಹದಿಂದ ಕೇಳಿದ. "ಸರ್, ಗುಡಗಾಂವ್ ಪ್ರಾಜೆಕ್ಟಿನ ಹಳೇ ಕ್ರಯಪತ್ರ ಹುಡುಕಿ ತೆಗೆದವರು ಇವರೇ ಅಲ್ವಾ? ಒಂಬತ್ತು ದಿನ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಕೂತಿದ್ರಂತೆ. ನಮ್ಮ ಕಂಪನಿಯವ್ರೇ ಈಗ್ಲೂ ಹೇಳ್ತಾರೆ. ಏನ್ ತಲೆ ಸರ್!"

"ತಲೆ ಯಾಕಪ್ಪ ಬೇಕು, ಕೂತ್ರೆ ಯಾರಿಗಾದ್ರೂ ಸಿಗುತ್ತೆ. ರಸ್ತೆ ನೋಡ್ಕೊಂಡು ಓಡ್ಸು."

*

ಐದು ವರ್ಷದ ಹಿಂದೆ, ಎರಡು ಸಾವಿರದ ನಾಲ್ಕರಲ್ಲಿ, ಗೆಳೆಯರಿಬ್ಬರೂ ಒಂದೇ ಫೈಲಿನ ಎರಡು ಕಡೆ ಕೂತಿದ್ದರು. ಸರ್ಕಾರದ ನಿಯಮದಂತೆ ಬಿಲ್ಡರು ನೂರು ಮನೆ ಕಟ್ಟಿದರೆ ಹದಿನೈದು ಬಡವರಿಗೆ, ಅವರ ಕೈಗೆಟುಕುವ ಬೆಲೆಗೆ ಕೊಡಬೇಕು. ಕೊಟ್ಟರೆ ಯೋಜನೆಯೇ ನಷ್ಟದಲ್ಲಿ ಮುಳುಗುತ್ತದೆಂದು ತೋರಿಸಿದರೆ ವಿನಾಯಿತಿ. ಹಾಗೆ ಮುಳುಗಿಸಿ ತೋರಿಸುವ ವರದಿ ಬರೆಯುವುದು ಬಿಲ್ಡರ ಕಂಪನಿಯಲ್ಲಿ ಜಗನ್ನಾಥನ ಕೆಲಸ. ಅದನ್ನು ಪರೀಕ್ಷಿಸುವುದು ಸರ್ಕಾರಿ ಕಚೇರಿಯಲ್ಲಿ ಗೋಪಿನಾಥನ ಕೆಲಸ. ಮನೆಯಲ್ಲಿ ಫೈಲಿನ ಮಾತು ಎತ್ತಬಾರದೆಂದು ಇಬ್ಬರೂ ಯಾವತ್ತೋ ಒಪ್ಪಿಕೊಂಡಿದ್ದರು.

ಒಂದು ಭಾನುವಾರ ಜಗನ್ನಾಥ ಹೊಸ ಕಾರಿನಲ್ಲಿ ಲೋಧಿ ಕಾಲೋನಿಗೆ ಊಟಕ್ಕೆ ಬಂದ. ಗೋಪಿ ಕಾರನ್ನು ಒಂದು ಸುತ್ತು ಹಾಕಿ, "ಚೆನ್ನಾಗಿದೆ ಕಣೋ," ಎಂದ. ಆಮೇಲೆ ಒಳಗೆ ಹೋಗಿ ಎಲೆಗೆ ಸಾರು ಬಡಿಸಿದ. ಅಷ್ಟೇ. ಮುಖದಲ್ಲಿ ಒಂದು ಗೆರೆ ಕದಲಲಿಲ್ಲ. ಜಗನ್ನಾಥನಿಗೆ ಬೇಕಾಗಿದ್ದದ್ದು ಆ ಗೆರೆಯೇ. ಎರಡು ತಿಂಗಳ ಸಂಬಳ ಮುಂಗಡ ಕಟ್ಟಿ ತಂದ ಕಾರು ಒಬ್ಬನ ಹೊಟ್ಟೆಯನ್ನಾದರೂ ಉರಿಸದಿದ್ದರೆ ಯಾತಕ್ಕೆ?

"ಬುದ್ಧಿ ಅಂದ್ರೆ ನಮ್ಮ ಯಜಮಾನರದು ಕಣೋ," ಎಂದು ಶುರುಮಾಡಿದ. "ಆ ಗುಡಗಾಂವ್ ಜಮೀನು ತಗೊಂಡಿದ್ದು ತೊಂಬತ್ತೊಂದರಲ್ಲಿ. ಎಕರೆಗೆ ಬರೀ ನಾಲ್ಕು ಲಕ್ಷ! ಈಗ ಎರಡು ಕೋಟಿ. ನೀನು ಜೀವಮಾನವಿಡೀ ಫೈಲಿಗೆ ಸಹಿ ಹಾಕಿದ್ರೂ ನೋಡಕ್ಕಾಗಲ್ಲ ಅಷ್ಟು ದುಡ್ಡನ್ನ."

ಗೋಪಿನಾಥನ ಕೈಯ ಸೌಟು ನಿಂತಿತು. ಜಗನ್ನಾಥನ ವರದಿಯಲ್ಲಿ ಜಮೀನಿನ ಖರ್ಚು ಎರಡು ಕೋಟಿಯ ಲೆಕ್ಕದಲ್ಲೇ ಇತ್ತು. ನಷ್ಟ ಹುಟ್ಟಿದ್ದು ಅಲ್ಲಿಂದಲೇ.

"ತೊಂಬತ್ತೊಂದಾ?" ಎಂದ ಗೋಪಿ.

ಜಗನ್ನಾಥ ನಾಲಿಗೆ ಕಚ್ಚಿಕೊಂಡ. "ಊಟದ ಮಾತು ಊಟಕ್ಕೆ ಬಿಡೋ."

"ನೀನು ಹೇಳಿದ್ದು ಅಂತ ನಾನು ಎಲ್ಲೂ ಬರೆಯಲ್ಲ ಜಗ್ಗು. ಆದ್ರೆ ಕೇಳಿಸ್ಕೊಂಡಿದ್ದನ್ನ ಮರೆಯೋಕೆ ನನ್ನ ಕೈಲಾಗಲ್ಲ."

ಮೂರು ವಾರದಲ್ಲಿ ಹಳೆಯ ಕ್ರಯಪತ್ರದ ನಕಲು ಫೈಲಿಗೆ ಬಂತು, ವಿನಾಯಿತಿ ಹೋಯಿತು. ಇನ್ನೂರ ಹನ್ನೆರಡು ಚಿಕ್ಕ ಮನೆಗಳು ಎದ್ದವು. ಜಗನ್ನಾಥನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಸದ್ಯ ಬದುಕಿದೆ ಎಂದು ಅವನು ನಿಟ್ಟುಸಿರು ಬಿಟ್ಟದ್ದು ಒಂದೇ ದಿನ. ಆಮೇಲೆ ಊರೆಲ್ಲ ಗೋಪಿಯನ್ನು ಹೊಗಳಲು ಶುರುಮಾಡಿತು. ಐದು ವರ್ಷ ಅದನ್ನು ಕೇಳಿ ಕೇಳಿ ಜಗನ್ನಾಥ ಬೆಂದ.

*

ಗೋಪಿಯ ಮಗಳು ಅಪೂರ್ವ ಚಿತೆಗೆ ಬೆಂಕಿಯಿಟ್ಟಳು. ಕಿಶನ್ ಕಾರು ತರಲು ಗೇಟಿನತ್ತ ಹೋದ. ಹೆಂಗಸರು ಇಂಥ ಕಡೆ ಬರುವುದು ಕಡಿಮೆ; ಟೆಂಪೊದ ಹೆಂಗಸರು ಮಾತ್ರ ಗಂಡಸರ ಜೊತೆ ಬಂದು ಬೇವಿನ ಮರದ ಕೆಳಗೆ ಕೂತಿದ್ದರು. ನಡುವೆ ಅಡುಗೆ ಕೆಲಸದ ಸುಶೀಲಾ, ಅದೇ ಚಿಕ್ಕ ಮನೆಗಳಲ್ಲೊಂದರ ಒಡತಿ, ಹಿಂದಿಯಲ್ಲಿ ಆ ಒಂಬತ್ತು ದಿನಗಳ ಕತೆಯನ್ನು ಮತ್ತೆ ಹೇಳುತ್ತಿದ್ದಳು. ನೀರು ಕುಡಿಯದೆ ಕೂತಿದ್ದರಂತೆ. ಧೂಳಿಗೆ ಕೆಮ್ಮು ಹಿಡಿಯಿತಂತೆ.

ಜಗನ್ನಾಥ ಎಷ್ಟೋ ಹೊತ್ತು ತಡೆದುಕೊಂಡ. ಒಮ್ಮೆ ಗೇಟಿನ ಕಡೆ ನೋಡಿ, ಕಿಶನ್ ಇಲ್ಲವೆಂದು ಖಾತ್ರಿ ಮಾಡಿಕೊಂಡ. ಆಮೇಲೆ ಅವರ ಹತ್ತಿರ ಹೋಗಿ ಹಿಂದಿಯಲ್ಲಿ ಹೇಳಿಯೇಬಿಟ್ಟ.

"ಆ ಹಳೇ ಬೆಲೆ ಅವನಿಗೆ ಹೇಳಿದ್ದು ನಾನು."

ಸುಶೀಲಾ ಎದ್ದಳು. "ನೀವಾ? ಹಾಗಾದರೆ ಸಾಹೇಬರ ಆ ದೋಸ್ತ್ ನೀವೇನಾ?"

"ಯಾವ ದೋಸ್ತ್?"

"ಪ್ರತಿ ದೀಪಾವಳಿಗೂ ಹೇಳೋರು, ಕೈ ಮುಗಿಯೋದಾದರೆ ನನ್ನ ದೋಸ್ತ್‌ಗೆ ಮುಗಿಯಿರಿ ಅಂತ. ಎಷ್ಟು ಕೇಳಿದರೂ ಹೆಸರು ಹೇಳಲಿಲ್ಲ. ಹೇಳಿದರೆ ಅವನ ನೌಕರಿ ಹೋಗುತ್ತೆ ಅಂತಿದ್ದರು." ಅವಳು ಬಗ್ಗಿ ಜಗನ್ನಾಥನ ಕಾಲು ಮುಟ್ಟಿದಳು. ಹಿಂದೆಯೇ ಇನ್ನೊಬ್ಬಳು. ಹಿಂದೆಯೇ ಚಪ್ಪಲಿಗೆ ಪೇಂಟು ಮೆತ್ತಿಕೊಂಡವನು.

ಐದು ವರ್ಷ ಹಂಬಲಿಸಿದ್ದು ಕಾಲ ಬಳಿಗೇ ಬಂದಿತ್ತು, ಆದರೂ ಸಮಾಧಾನವಾಗಲಿಲ್ಲ. ಇದನ್ನೂ ಕೊಟ್ಟವನು ಗೋಪಿಯೇ! ಜಂಬಕ್ಕೆ ಬಾಯಿತಪ್ಪಿ ಬಂದ ಮಾತನ್ನು ಉಪಕಾರವೆಂದು ಹೇಳಿ ಹಂಚಿ ಹೋಗಿದ್ದ. ಸತ್ತವನ ಮೇಲೆ ಜಗನ್ನಾಥನಿಗೆ ಆವತ್ತು ಬಂದಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ.

"ಸಾಹೇಬರು ಹೋದರು, ದೇವರು ನಿಮ್ಮನ್ನು ಕಳಿಸಿದ," ಎನ್ನುತ್ತ ಸುಶೀಲಾ ಚೀಲದಿಂದ ಮಡಿಸಿದ ಕಾಗದ ತೆಗೆದಳು. "ಅದೇ ಪ್ರಾಜೆಕ್ಟಿನ ಎರಡನೇ ಹಂತದಲ್ಲಿ ನನ್ನ ತಂಗಿ ಚಿಕ್ಕ ಮನೆಗೆ ಅರ್ಜಿ ಹಾಕಿದ್ದಾಳೆ. ಸೈಟಿನ ಗೇಟಿಗೆ ಇದನ್ನು ಅಂಟಿಸಿದ್ದಾರೆ. ಸೋಮವಾರದೊಳಗೆ ತಕರಾರು ಕೊಡಬೇಕಂತೆ. ಇಂಗ್ಲಿಷು, ನಮಗೆ ಬರಲ್ಲ. ಈ ಭಾನುವಾರ ಸಾಹೇಬರಿಗೆ ತೋರಿಸೋಣ ಅಂತಿದ್ದೆ."

ಜಗನ್ನಾಥ ಕನ್ನಡಕ ಹಾಕಿಕೊಂಡ. ಓದುವ ಅಗತ್ಯವೇ ಇರಲಿಲ್ಲ. ಚಿಕ್ಕ ಮನೆಗಳನ್ನು ಕಟ್ಟಿದರೆ ಎರಡನೇ ಹಂತ ನಷ್ಟವಾಗುತ್ತದೆ. ಆ ಜಾಗದಲ್ಲಿ ಕ್ಲಬ್ ಕಟ್ಟಲು ಅನುಮತಿ ಕೊಡಬೇಕು. ಜಮೀನಿನ ಬೆಲೆ ಇವತ್ತಿನದು. ಕೆಳಗೆ, ವರದಿ ತಯಾರಿಸಿದವರ ಹೆಸರು, ಅದರ ಮೇಲೆ ದುಂಡನೆಯ ಸಹಿ. ಅವನದೇ ಸಹಿ, ಹೋದ ತಿಂಗಳು ಹಾಕಿದ್ದು.

"ಯಾರು ಬರೆದಿದ್ದು ಸಾಹೇಬ್?" ಎಂದಳು ಸುಶೀಲಾ. "ಹೆಸರು ಓದಿ ಹೇಳಿ. ನಾವೇ ಹೋಗಿ ಅವರನ್ನು ಕೇಳಿಕೊಳ್ತೀವಿ."

ಗೇಟಿನಲ್ಲಿ ಕಿಶನ್ ಹಾರ್ನ್ ಹೊಡೆದ. ಜಗನ್ನಾಥ ತಲೆಯೆತ್ತಲಿಲ್ಲ. ಅವನ ಹೆಬ್ಬೆರಳು ಸಹಿಯ ಮೇಲೆ ಒತ್ತಿ ಕೂತಿತ್ತು, ಉಗುರು ಬೆಳ್ಳಗಾಗುವಷ್ಟು. ಸುತ್ತ ಜನ ಒಬ್ಬೊಬ್ಬರಾಗಿ ನೆಲದ ಮೇಲೆ ಕೂತು, ಅವನು ಓದಲೆಂದು ಮುಖವೆತ್ತಿ ಕಾದರು.