ದೊಡ್ಡವರಿಗೆ ಕಾಲು ತಗುಲಬಾರದು

ಮೇಯುತ್ತಿವೆ, ಹುಳುಗಳು ಸೊಪ್ಪು ಮೇಯುತ್ತಿವೆ, ಚರಚರ ಚರಚರ — ಅಲ್ಲ, ಇದು ಸಾದಲಿಯ ನಮ್ಮ ಮನೆಯಲ್ಲ, ಇಷ್ಟು ಚಳಿಯಲ್ಲಿ ಯಾವ ರೇಷ್ಮೆ ಹುಳು ಬದುಕುತ್ತದೆ, ಬೋರಲು ಮಲಗಿದ್ದೇನೆ, ಬಾಯೊಳಗೆ ಕೊಳವೆ, ಹರಿತಾ, ಕೇಳಿಸ್ತಿದ್ಯೇನಮ್ಮಾ, ತಲೆಯ ಹತ್ತಿರ ಯಾರೋ ಹೆಂಗಸು, ಓ, ನಿದ್ದೆ ಕೊಡುವ ತನುಜಾ ಡಾಕ್ಟರು, ಹಾಗಾದರೆ ಆಪರೇಷನ್ ಇನ್ನೂ ಮುಗಿದಿಲ್ಲ, ನನ್ನ ಬೆನ್ನು ಈಗ ತೆರೆದಿಟ್ಟ ಬಾಗಿಲು, ಅಯ್ಯಪ್ಪಾ — ನಿನ್ನೆಯೇ ಹೇಳಿದ್ದರು, ಸೊಟ್ಟ ಬೆನ್ನುಮೂಳೆಗೆ ಕಂಬಿ ಕಟ್ಟಿ ನೆಟ್ಟಗೆ ಎಳೀತೀವಿ, ಒಳಗಿನ ನರಕ್ಕೆ ಪೆಟ್ಟಾಗ್ತಿದ್ಯಾ ಅಂತ ಮಿಷಿನ್ ಕಾಯ್ತಾ ಇರುತ್ತೆ, ಅದರ ಗೆರೆ ಕುಸಿದ್ರೆ ನಿನ್ನನ್ನೇ ಎಬ್ಬಿಸಿ ಕೇಳ್ತೀವಿ, ನೋವಿರಲ್ಲ, ಕಾಲು ಅಲ್ಲಾಡಿಸಿ ಮತ್ತೆ ಮಲ್ಕೊಂಡ್ಬಿಡು. ಅಂದರೆ ಗೆರೆ ಕುಸಿದಿದೆ. ನನ್ ಕೈ ಹಿಸುಕಮ್ಮಾ, ಹಿಸುಕಿದೆ, ಶಭಾಷ್, ಈಗ ಎರಡೂ ಕಾಲು ಅಲ್ಲಾಡ್ಸು. ಅದೇನು ಮಹಾ, ಅಲ್ಲಾಡಿಸಿಯೇಬಿಡುತ್ತಿದ್ದೆ, ಅಷ್ಟರಲ್ಲಿ ಕಾಲ ಕಡೆಯಿಂದ ಒಂದು ಮುದಿ ದನಿ, ಎರಡು ಪಾದಾನೂ ನನ್ ಕೈಲೇ ಇವೆ ಕಣಮ್ಮ, ಮುಖ ಹತ್ರ ಇಟ್ಕೊಂಡು ನೋಡ್ತಿದೀನಿ, ನೀನು ಅಲ್ಲಾಡ್ಸು. ನರಸಿಂಹಮೂರ್ತಿ, ಎಲ್ಲರಿಗಿಂತ ದೊಡ್ಡ ಡಾಕ್ಟರು! ಇವರೇ ಬಂದು ನನ್ನ ಕಾಲು ಹಿಡಿದಿದ್ದಾರೆ.

ಇವರಿಗೇ ಅಲ್ಲವೇ ನಿನ್ನೆ ಅಜ್ಜಿ ಕದಿರಮ್ಮ ವಾರ್ಡಿನ ನಟ್ಟನಡುವೆ ಅಡ್ಡಬಿದ್ದು, ನನ್ನ ಕುತ್ತಿಗೆ ಹಿಡಿದು ನನ್ನನ್ನೂ ಬೀಳಿಸಿ, ದೇವರಿದ್ದಂಗೆ ಸ್ವಾಮಿ ನೀವು ಅಂದದ್ದು, ಆ ಬಿಳಿತಲೆ ಈಗ ನನ್ನ ಕಾಲ ಬುಡದಲ್ಲಿ! ಕಾಲೆತ್ತಿದರೆ ಸೀದಾ ಮುಖಕ್ಕೆ. ಶಿವಶಿವಾ. ಕೈವಾರದ ಬಸ್ಸಿನಲ್ಲಿ ಯಾರೋ ಮುದುಕರಿಗೆ ಚಪ್ಪಲಿಯ ತುದಿ ತಗುಲಿದ್ದಕ್ಕೆ, ಮುಟ್ಟಿ ಕಣ್ಗೊತ್ಕೊಳ್ಳೇ ಮೂದೇವಿ ಎಂದು ಬಸ್ಸೆಲ್ಲ ಕೇಳುವಂತೆ ಕಿರುಚಿ, ಅವರು ಚಿಂತಾಮಣಿಯಲ್ಲಿ ಇಳಿದು ಹೋಗುತ್ತಿದ್ದರೂ ನನ್ನನ್ನು ಹಿಂದೆ ಓಡಿಸಿದವಳು ಅಜ್ಜಿ, ಪಾಪ, ಯಾರೋ ಅಟ್ಟಿಸಿಕೊಂಡು ಬಂದರೆಂದು ಅವರೂ ಓಡಿದರು. ಈಗ ಡಾಕ್ಟರ ಮುಖಕ್ಕೇ ಒದ್ದರೆ ಎಷ್ಟು ದೂರ ಓಡಿಸುತ್ತಾಳೋ. ಪಕ್ಕಕ್ಕೆ ಸರೀರಿ ತಾತಾ, ಒಂದೇ ಒಂದು ಸಲ, ಹೇಗೆ ಹೇಳಲಿ, ಕೊಳವೆ. ಕಾಲು ಹರಿತಾ, ಕಾಲು, ತನುಜಾ ಡಾಕ್ಟರು ಕೂಗುತ್ತಿದ್ದಾರೆ, ನಾನು ಅವರ ಕೈಯನ್ನೇ ಮತ್ತೆ ಹಿಸುಕಿದೆ, ಅರ್ಥ ಮಾಡ್ಕೊಳ್ಳಿ ಮೇಡಂ, ಆ ತಾತನ್ನ ಆಚೆ ಕರೀರಿ — ಕೈ ಬರ್ತಿದೆ ಸಾರ್, ಕಾಲು ಬರ್ತಿಲ್ಲ, ಅಂದರು ಆಕೆ. ಬೆನ್ನ ಮೇಲೆ ರಕ್ತ ಹೀರುತ್ತಿದ್ದ ಕೊಳವೆಯ ಚರಚರ ಸದ್ದೂ ನಿಂತುಹೋಯಿತು. ನನ್ನ ಬೆನ್ನು ಕೊಯ್ದಿರುವ ಮೋಹನ್‌ಬಾಬು ಡಾಕ್ಟರು, ಅಯ್ಯೋ ದೇವುಡಾ, ಕಂಬಿ ಬಿಚ್ಚಣ, ಬೇಗ ಬಿಚ್ಚಿಬಿಡಣ, ಅಂದರು.

ಬಿಚ್ಚುತ್ತಾರಂತೆ! ಮತ್ತೆ ಅದೇ ಸೊಟ್ಟ ಬೆನ್ನು, ಗೂಡು ಕಟ್ಟಲು ಹಣ್ಣಾದ ಹುಳು ಬಿಟ್ಟ ಬಿದಿರಿನ ಚಂದ್ರಿಕೆ ನಾನು ಎತ್ತಿದರೆ ಮತ್ತೆ ಒಂದೇ ಕಡೆಗೆ ವಾಲುವುದು, ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನಲ್ಲಿ ಮತ್ತೆ ಏಯ್ ಗೂನಿ — ಬೇಡ, ಪಾಪ ಬಂದರೆ ಬರಲಿ, ಕ್ಷಮಿಸಿ ತಾತಾ, ಒದ್ದೆ. ಒದ್ದೆನಾ? ಯಾರೂ ಏನೂ ಅನ್ನುತ್ತಿಲ್ಲ. ಪಾದ ಹಿಡಿದಿದ್ದೀನಿ ಅಂದರಲ್ಲ, ಆ ಹಿಡಿತ ನನಗೇಕೆ ತಿಳಿಯುತ್ತಿಲ್ಲ, ಇಷ್ಟು ಹೊತ್ತು ಮರ್ಯಾದೆಗೆ ಸುಮ್ಮನಿದ್ದ ಕಾಲುಗಳೋ, ಸತ್ತೇಹೋದ ಕಾಲುಗಳೋ, ಅಮ್ಮಾ, ಭಯವಾಗುತ್ತಿದೆ, ತುಂಬಾ ಭಯವಾಗುತ್ತಿದೆ, ಒದಿ, ಒದಿ ಕಣೇ, ದೇವರಾದರೂ ಸರಿ, ಒದಿ — ಫಟ್! ಏನೋ ನೆಲಕ್ಕೆ ಬಿದ್ದು ಒಡೆಯಿತು, ಅಯ್ಯಯ್ಯೋ ಸಾರ್ ನಿಮ್ ಕನ್ನಡಕ, ಕನ್ನಡಕ ಹಾಳಾಗೋಗ್ಲಿ ಕಣಯ್ಯ, ಮೂಗಿಗೇ ಒದ್ಲು, ನೋಡು, ಬಲಗಾಲು ಬಂತು! ಬಿಳಿತಲೆ ನಗುವುದು ಕೇಳುತ್ತಿದೆ, ಹಿಂದಕ್ಕೆ ಬನ್ನಿ ಸಾರ್, ಬರಲ್ಲ, ಎಡಗಾಲು ಬಾಕಿ ಇದೆ, ಎಡಗಾಲಲ್ಲೂ ಒಂದು ಒದಿ ನನ್ ತಾಯೀ, ಎಲ್ಲಿ, ಒದಿ. ಎಡಗಾಲಂತೆ ಅಜ್ಜೀ, ಕೇಳಿಸಿಕೊಂಡೆಯಾ, ಅವರೇ ಕೇಳುತ್ತಿದ್ದಾರೆ, ಈ ಸಲ ಬೇಕಂತಲೇ ಒದ್ದೆ, ಬಂತು ಬಂತು, ಕಂಬಿ ಬಿಗೀರಿ, ಮಲಗಿಸಿ ಮಗೂನ, ಅಬ್ಬಾ, ಈಗ ತಿಳಿಯುತ್ತಿದೆ, ಬೆಚ್ಚಗೆ, ಎರಡು ಪಾದಕ್ಕೂ ಬೆಚ್ಚಗೆ, ಅವರಿನ್ನೂ ಬಿಟ್ಟಿಲ್ಲ, ನನ್ನ ಕಾಲ ಬುಡದಲ್ಲಿ ಆ ಬಿಳಿತಲೆ, ಕನ್ನಡಕವಿಲ್ಲದ ಬಿಳಿತಲೆ, ಆ ಬಿಳಿತಲೆ