ಮೂರನೆಯ ಓಟಗಾರ

ಗುದ್ಲೆಪ್ಪ ಮಾಸ್ತರ ಸೀಟಿಯನ್ನು ಬಾಯಿಗಿಟ್ಟು ಇನ್ನೇನು ಊದಬೇಕು, ಅಷ್ಟರಲ್ಲಿ ಖಲಂದರನ ಸೈಕಲ್ಲು ಮೈದಾನದ ಸುಣ್ಣದ ಗೆರೆಗಳ ಮೇಲೆಯೇ ಹಾದು ಬಂತು. ಹಾಗೆಲ್ಲ ಗೆರೆ ತುಳಿಯುವವನಲ್ಲ ಖಲಂದರ. ಅದೇ ಹೈಸ್ಕೂಲಿನಲ್ಲಿ ಗುದ್ಲೆಪ್ಪನ ಜೋಡಿ ಓದಿ, ಅದೇ ಗೆರೆಗಳ ನಡುವೆ ಓಡಿದವನು. ಈಗ ಅಕ್ಕಿಆಲೂರಿನಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ.

"ಚೌಡಪ್ಪ ಹೋದ, ಗುದ್ಲ್ಯಾ," ಅಂದ. "ವಿಷಮಜ್ವರ. ಮೂರು ವಾರ ಹಾಸಿಗಿ ಹಿಡದಿದ್ದ. ನಸುಕಿನ್ಯಾಗ ಉಸುರು ಬಿಟ್ಟ. ಮಧ್ಯಾಹ್ನಕ್ಕ ಮಣ್ಣು."

ಗುದ್ಲೆಪ್ಪ ಸೀಟಿಯನ್ನು ಬಾಯಿಂದ ತೆಗೆದ. ಸಾಲಾಗಿ ನಿಂತ ಹುಡುಗರು ಸೀಟಿಯ ಸಪ್ಪಳಕ್ಕೆ ಕಾಯುತ್ತಲೇ ಇದ್ದರು.

"ಮೊದಲ ಯಾಕ ಹೇಳಲಿಲ್ಲಲೇ ನನಗ?"

"ಹೇಳಿದ್ರ ಬರ್ತಿದ್ದೇನು?"

ಚೌಡಪ್ಪನ ಊರು ಎರಡೇ ಹರದಾರಿ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಅತ್ತ ಕಾಲಿಟ್ಟಿರಲಿಲ್ಲ. ಹೋಗಲು ಮುಖವಾದರೂ ಎಲ್ಲಿತ್ತು! ಆದರೆ ಇವತ್ತು ಹೋಗಲೇಬೇಕು. ಮಣ್ಣು ಮುಚ್ಚುವುದರೊಳಗೆ ಚೌಡಪ್ಪನ ತಾಯಿಯ ಮುಂದೆ ಒಂದು ಮಾತು ಆಡಲೇಬೇಕು. ಹುಡುಗರನ್ನು ಕಳಿಸಿ ಸೈಕಲ್ಲಿನ ಹಿಂದೆ ಕುಳಿತ.

ದಾರಿಯಲ್ಲಿ ಖಲಂದರ ಹಿಂದಿರುಗಿ ನೋಡದೆ ಹೇಳಿದ, "ನಿಮ್ಮ ಸಾಲಿ ಪುಸ್ತಕ ಒಯ್ದು ಕೊಟ್ಟಿದ್ದೆ ಅವಗ."

ಹೈಸ್ಕೂಲಿಗೆ ಇಪ್ಪತ್ತೈದು ವರ್ಷ ತುಂಬಿತೆಂದು ಹೋದ ತಿಂಗಳು ಅಚ್ಚು ಹಾಕಿಸಿದ ಸಾಲೆಯ ಚರಿತ್ರೆ ಅದು. ಅದರಲ್ಲಿ ಆಟೋಟದ ಹತ್ತು ಪುಟ ಬರೆದವನು ಡ್ರಿಲ್ ಮಾಸ್ತರ ಗುದ್ಲೆಪ್ಪನೇ. ಯಾವ ವರ್ಷ ಯಾರು ಗೆದ್ದರು, ಯಾರು ಎಷ್ಟು ಎತ್ತರ ಹಾರಿದರು, ಒಂದೂ ಬಿಟ್ಟಿರಲಿಲ್ಲ. ೧೯೩೭ನೆಯ ಇಸವಿಯ ಎದುರು ಒಂದೇ ಸಾಲು: 'ಧಾರವಾಡದ ರಿಲೇ ಓಟದಲ್ಲಿ ಮೂರನೆಯ ಓಟಗಾರ ಚೌಡಪ್ಪನ ಕೈಯಿಂದ ಕೋಲು ಜಾರಿ ಬಿದ್ದುದರಿಂದ ಸೋಲಾಯಿತು.'

"ಓದಿದನೇನು?" ಗುದ್ಲೆಪ್ಪ ಕೇಳಿದ.

"ಓದಿ ನಕ್ಕ. ಗುದ್ಲ್ಯಾ ಚಂದ ಬರದಾನ, ನನ್ನ ಹೆಸರೂ ಹಾಕ್ಯಾನ ನೋಡು ಅಂದ." ಖಲಂದರ ಏರಿನಲ್ಲಿ ಪೆಡಲು ಒತ್ತಿ ತುಳಿದ. "ನಾ ಎರಡನೇದಾಂವ. ಕೋಲು ಅವನ ಕೈಯಾಗ ಕೊಟ್ಟು ಅಲ್ಲೇ ಕುಂತೆ. ಮುಂದಿಂದು ನನಗ ಕಾಣಲಿಲ್ಲ. ನೀ ಅಂತೂ ನೋಡೀಯಲ್ಲ."



* * *

ಚೌಡಪ್ಪ ಓಡುವುದನ್ನು ನೋಡಬೇಕಿತ್ತು! ಬರಿಗಾಲು, ಹರಕು ಚಡ್ಡಿ, ಕಾಲು ನೆಲಕ್ಕೆ ತಾಗುತ್ತದೋ ಇಲ್ಲವೋ ಅನ್ನುವ ಹಾಗೆ ಓಡುತ್ತಿದ್ದ. ಊರಾಚೆಯ ಕೇರಿಯ ಹುಡುಗ, ಅವನನ್ನು ಯಾರೂ ಮುಟ್ಟುವಂತಿರಲಿಲ್ಲ. ಕ್ಲಾಸಿನಲ್ಲಿ ಅವನ ಜಾಗ ಬಾಗಿಲಾಚೆಯ ಕಟ್ಟೆ. ನೀರಡಿಸಿದರೆ ಯಾರಾದರೂ ಮೇಲಿನಿಂದ ಬೊಗಸೆಗೆ ಹೊಯ್ಯಬೇಕು. ಮೈದಾನಕ್ಕೆ ಇಳಿದರೆ ಮಾತ್ರ ಮುಂದೆ ಅವನು, ಹಿಂದೆ ಉಳಿದವರೆಲ್ಲ. ಡ್ರಿಲ್ ಮಾಸ್ತರ ಆಗಬೇಕು ಅನ್ನುವುದೊಂದೇ ಹುಚ್ಚು ಅವನಿಗೆ. ಧಾರವಾಡದಲ್ಲಿ ರಿಲೇ ಗೆದ್ದು ಬಾ, ತರಬೇತಿಗೆ ನಿನ್ನ ಹೆಸರೇ ಕಳಿಸುತ್ತೇನೆ ಎಂದು ಹೆಡ್ಮಾಸ್ತರರು ಮಾತು ಕೊಟ್ಟಿದ್ದರು.

ಸಾಲೆಯ ಮೈದಾನದಲ್ಲಿ ನೋಡುವವರಿಲ್ಲದಾಗ ಗುದ್ಲೆಪ್ಪ ಅವನ ಕೈಯಿಂದಲೇ ಕೋಲು ತೆಗೆದುಕೊಳ್ಳುತ್ತಿದ್ದ. ಬೆರಳಿಗೆ ಬೆರಳು ತಾಗುತ್ತಿತ್ತು. ಮನೆಗೆ ಹೋಗಿ ಹೇಳುತ್ತಿರಲಿಲ್ಲ, ಅಷ್ಟೇ.

ಧಾರವಾಡದಲ್ಲಿ ಚೌಡಪ್ಪ ಎಲ್ಲರಿಗಿಂತ ಹತ್ತು ಮಾರು ಮುಂದೆ ಬಂದ. ಕೊನೆಯ ಓಟ ಗುದ್ಲೆಪ್ಪನದು; ಕೈ ಚಾಚಿಕೊಂಡು ನಿಂತಿದ್ದ. ಆಗ ಹಗ್ಗದ ಆಚೆ ಅವನ ಕಾಕಾನ ರುಮಾಲು ಕಂಡಿತು. ಕಾಕಾ ಕಣ್ಣು ಕೆಕ್ಕರಿಸಿ ಆ ಕೈಯನ್ನೇ ನೋಡುತ್ತಿದ್ದ. ಗುದ್ಲೆಪ್ಪ ಕೈಯನ್ನು ಎದೆಗೆ ಎಳೆದುಕೊಂಡುಬಿಟ್ಟ.

ಚೌಡಪ್ಪ ಅವನ ಮುಖವನ್ನೊಮ್ಮೆ ನೋಡಿದ. ಬಗ್ಗಿ ಕೋಲನ್ನು ನೆಲದ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಗುದ್ಲೆಪ್ಪ ಅದನ್ನು ಎತ್ತಿಕೊಂಡು ಓಡುವಷ್ಟರಲ್ಲಿ ಮೂರು ಸಾಲೆಯ ಹುಡುಗರು ದಾಟಿ ಹೋಗಿದ್ದರು.

ಆಗಿನ ಡ್ರಿಲ್ ಮಾಸ್ತರರು ಗೆಲ್ಲುವ ಗೆರೆಯ ಹತ್ತಿರ ನಿಂತಿದ್ದರು. ದೂರದಿಂದ ಅವರಿಗೆ ಕಂಡದ್ದು ನೆಲದ ಮೇಲಿನ ಕೋಲೊಂದೇ.

"ಕೈ ಬೆವತಿತ್ರಿ ಸರ. ಕೋಲು ಬಿಟ್ಟೆ," ಎಂದ ಚೌಡಪ್ಪ. ಗುದ್ಲೆಪ್ಪ ಮಗ್ಗುಲಲ್ಲೇ ಇದ್ದ, ತುಟಿ ಪಿಟಕ್ಕೆನ್ನಲಿಲ್ಲ.

"ಒಯ್ದು ಒಲ್ಯಾಗ ಹಾಕು ಅದನ್ನ," ಎಂದು ಮಾಸ್ತರರು ಕೋಲನ್ನು ಅವನ ಕಾಲ ಬಳಿ ಒಗೆದರು. ತರಬೇತಿಗೆ ಗುದ್ಲೆಪ್ಪನ ಹೆಸರು ಹೋಯಿತು. ಚೌಡಪ್ಪ ಸಾಲೆ ಬಿಟ್ಟು ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ಚೀಲ ಹೊರಲು ನಿಂತ.

* * *

ಕೇರಿ ಮುಟ್ಟಿದಾಗ ಹಲಗೆಯ ಸಪ್ಪಳ ಶುರುವಾಗಿತ್ತು. ಚೌಡಪ್ಪನ ದೊಡ್ಡಪ್ಪ ಹುಚ್ಚಪ್ಪ ಗಡಬಡಿಸಿ ಎದುರು ಬಂದ.

"ಮಾಸ್ತರ, ಬಂದ್ರೇನ್ರಿ? ಇಲ್ಲೇ ಗಿಡದ ಕೆಳಗ ನಿಂದರ್ರಿ. ನಮ್ಮ ಹುಡುಗನ ಮಣ್ಣಿಗೆ ನೀವು ಬಂದದ್ದ ದೊಡ್ಡದು."

"ನಾನೂ ಹೆಗಲು ಕೊಡ್ತೇನಿ."

"ಬ್ಯಾಡ್ರಿ ಯಪ್ಪಾ! ನಿಮ್ಮ ಮಂದಿಗೆ ಗೊತ್ತಾದ್ರ ನಾವು ಈ ಊರಾಗ ಬಾಳುವೆ ಮಾಡಬೇಕೋ ಬ್ಯಾಡೋ?"

ಖಲಂದರ ಹೆಗಲು ಕೊಟ್ಟ. ಗುದ್ಲೆಪ್ಪ ಹತ್ತು ಹೆಜ್ಜೆ ಹಿಂದೆ ನಡೆದ. ಯಾವ ಓಟದಲ್ಲಿಯೂ ಚೌಡಪ್ಪನನ್ನು ಹಿಂದೆ ಹಾಕಲು ಅವನಿಂದ ಆಗಿರಲಿಲ್ಲ. ಇವತ್ತೂ ಚೌಡಪ್ಪನೇ ಮುಂದೆ. ಪಕ್ಕದಲ್ಲಿ ಗಿರಣಿಯ ಕೆಲಸದ ಗುತ್ತೆವ್ವ ಮೂಗು ಒರೆಸಿಕೊಳ್ಳುತ್ತ ಯಾರಿಗೋ ಹೇಳುತ್ತಿದ್ದಳು:

"ಗಿರಣ್ಯಾಗ ಅವಗ ಹೆಸರು ಹಿಡದು ಕರದವರ ಇಲ್ಲ ನೋಡವಾ. ಕೋಲುಬಿಟ್ಟಪ್ಪಾ ಅಂತಿದ್ವಿ. ಬೆನ್ನ ಮ್ಯಾಲ ಚೀಲ ಇಟಗೊಂಡ ಓಡಿ ತೋರಸ್ತಿದ್ದ. ಒಂದ ಸಲಾನೂ ಸಿಟ್ಟಿಗೆ ಬರಲಿಲ್ಲ, ನನ್ನ ಬಂಗಾರ."

ಕುಣಿಯ ಹತ್ತಿರ ತಾಯಿ ಭರಮವ್ವ ಗುದ್ಲೆಪ್ಪನತ್ತ ತಿರುಗಿದಳು. ಮಗನಂತೆಯೇ ಉದ್ದ ಕಾಲಿನ ಹೆಂಗಸು. ಅತ್ತು ಅತ್ತು ದನಿ ಬಿದ್ದುಹೋಗಿತ್ತು.

"ಗುದ್ಲೆಪ್ಪ ಮಾಸ್ತರ ಅಂದ್ರ ನೀವ ಏನ್ರಿ? ಬಾಯಿ ತುಂಬ ನಿಮ್ಮ ಹೆಸರು ಹೇಳತಿತ್ರಿ ನನ್ನ ಕೂಸು. ನಿಮ್ಮ ಓಟ ಕೆಡಿಸಿದ ಅವ. ಕೈ ಸಡಲ ಬಿಟ್ಟ. ಹೊಟ್ಟ್ಯಾಗ ಹಾಕ್ಕೊಳ್ರಿ ಯಪ್ಪಾ. ಸತ್ತಾಂವನ ಮ್ಯಾಲ ಸಿಟ್ಟು ಇಟ್ಕೋಬ್ಯಾಡ್ರಿ."

ಅಯ್ಯೋ ಶಿವನೇ! ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಗುದ್ಲೆಪ್ಪನಿಗೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಕಲಸಿಹೋಯಿತು.

"ಅವ್ವಾ, ಅವ ಕೋಲು ಬಿಡಲಿಲ್ಲ. ನಾನ ಕೈ ಹಿಂದ ತಗೊಂಡೆ. ಅವನ ಕೈಯಿಂದ ತಗೊಳ್ಳೂದು ನಮ್ಮ ಕಾಕಾ ನೋಡ್ತಾನಂತ ಅಂಜಿದೆ. ಅದಕ್ಕ ಅವ ಕೆಳಗ ಇಟ್ಟ. ಸುಳ್ಳು ಹೇಳಿ ನನ್ನ ಉಳಿಸಿದ. ನಾ ಆ ಸುಳ್ಳನ್ನ ಪುಸ್ತಕದಾಗ ಬರದೆ."

ಹಲಗೆ ನಿಂತಿತು. ಖಲಂದರ ಮುಖ ಆಚೆ ತಿರುಗಿಸಿದ. ಭರಮವ್ವ ಮಗನ ಮುಖದ ಮೇಲೆ ಬಗ್ಗಿದಳು.

"ಹೌದೇನೋ ಕೂಸ?" ಎಂದಳು ಅವನಿಗೇ. "ನನ್ನ ಮುಂದೂ ಹೇಳಲಿಲ್ಲಲ್ಲೋ. ಕೈಯಾಗ ಜೀವ ಇದ್ದಿದ್ದಿಲ್ಲೇನು ಅಂತ ನಾನೂ ಬೈದ್ನಲ್ಲೋ ನಿನಗ!"

ಗುತ್ತೆವ್ವ ಅವಳನ್ನು ಹಿಡಿದುಕೊಂಡಳು. ಅಳು ತಗ್ಗಿದ ಮೇಲೆ ಭರಮವ್ವ ಸೆರಗಿನೊಳಗಿನಿಂದ ಕೋಲು ತೆಗೆದಳು. ಬಿದಿರಿನದು, ಎರಡೂ ತುದಿಗೆ ತಗಡಿನ ಕಟ್ಟು, ಹಿಡಿಯುವ ಜಾಗ ಸವೆದು ನುಣುಪಾಗಿತ್ತು.

"ಒಲ್ಯಾಗ ಹಾಕಾಕ ಬಿಡಲಿಲ್ರಿ ಅವ ಇದನ್ನ. ಅವನ ಜೋಡಿ ಹಾಕಬೇಕಂತ ತಂದೇನಿ. ನೀವ ಹಾಕ್ರಿ. ನಿಮ್ಮ ಕೈಲೇ ಮುಟ್ಟಲಿ ಅವಗ."

ಗುದ್ಲೆಪ್ಪ ಮುಂದೆ ಬಂದ. ಒಂಬತ್ತು ವರ್ಷದ ಹಿಂದೆ ಎದೆಗೆ ಎಳೆದುಕೊಂಡ ಆ ಬಲಗೈಯನ್ನು, ಯಾರು ನೋಡಿದರೂ ನೋಡಲಿ ಎಂದು, ಪೂರಾ ಚಾಚಿದ.

"ಕೊಡವ್ವಾ," ಎಂದ.

ಭರಮವ್ವ ಆ ಕೈ ನೋಡಿದಳು. ಊರ ಮಂದಿಗೆ ಏನು ಕೊಡುವಾಗಲೂ ಬುದ್ಧಿ ಬಂದಾಗಿನಿಂದ ಹೇಗೆ ಕೊಡುತ್ತಿದ್ದಳೋ ಹಾಗೆಯೇ ಬಗ್ಗಿ, ಕೋಲನ್ನು ಕುಣಿಯ ದಂಡೆಯ ಹಸಿಮಣ್ಣಿನ ಮೇಲಿಟ್ಟಳು. ಎರಡು ಹೆಜ್ಜೆ ಹಿಂದೆ ಸರಿದು, ಸೆರಗು ಮೈತುಂಬ ಎಳೆದುಕೊಂಡು, ಅವನು ಎತ್ತಿಕೊಳ್ಳಲೆಂದು ಕಾಯುತ್ತ ನಿಂತಳು. ಗುದ್ಲೆಪ್ಪನ ಕೈ ಚಾಚಿದ್ದು ಚಾಚಿದಂತೆಯೇ ಇತ್ತು.